ಮನೆಯಲ್ಲೇ ಬಣ್ಣ ಹಾಕಿದ ಬಟ್ಟೆಯಿಂದ ಕ್ವಿಲ್ಟ್ (ತುಂಡು ಬಟ್ಟೆಗಳನ್ನು ಜೋಡಿಸಿದ ಹೊದಿಕೆ) ಹೊಲಿದರೆ ಬಣ್ಣ ಪಕ್ಕದ ತುಂಡಿಗೆ ಯಾಕೆ ಹತ್ತುತ್ತದೆ?

ಬಟ್ಟೆಗೆ ಬೆಸೆಯದೆ, ಎಳೆಗಳ ನಡುವೆ ಸುಮ್ನೆ ಕೂತಿರುವ ಬಣ್ಣದಿಂದ. ಹೆಚ್ಚಿನ ಸಲ ತಪ್ಪು ಬಣ್ಣದ್ದಲ್ಲ, ತೊಳೆದದ್ದು ಸಾಲದು.

ಹತ್ತಿ ಬಟ್ಟೆಗೆ ಮನೆಯಲ್ಲಿ ಸಾಮಾನ್ಯವಾಗಿ ಬಳಸುವುದು ರಿಯಾಕ್ಟಿವ್ ಡೈ, ಅಂದರೆ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ. ವಾಷಿಂಗ್ ಸೋಡಾ ಸೇರಿದಾಗ ಈ ಬೆಸುಗೆ ಶುರುವಾಗುತ್ತದೆ. ಆದರೆ ಅದೇ ಹೊತ್ತಿಗೆ ಸ್ವಲ್ಪ ಬಣ್ಣ ಹತ್ತಿಯ ಬದಲು ನೀರಿನ ಜೊತೆಗೇ ಸೇರಿಬಿಡುತ್ತದೆ. ಆ ಪಾಲು ಇನ್ನು ಯಾವತ್ತೂ ಹತ್ತಿಗೆ ಬೆಸೆಯುವುದಿಲ್ಲ. ಬಟ್ಟೆಯಲ್ಲೇ ಉಳಿದು, ಮುಂದೆ ಒದ್ದೆಯಾದಾಗ ಪಕ್ಕದ ಬಿಳಿ ತುಂಡಿನ ಮೇಲೆ ಹೋಗಿ ಕೂರುತ್ತದೆ. ಕಡು ಬಣ್ಣಗಳಲ್ಲಿ ಇದು ಜಾಸ್ತಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ, ಈ ಬಿಡಿ ಬಣ್ಣಕ್ಕೆ ಅದು ನಡೆಯದು. ಅದನ್ನು ತೊಳೆದು ಹೊರಹಾಕಲೇಬೇಕು.

ಮೊದಲು ತಣ್ಣೀರಲ್ಲಿ ಸೋಡಾ ಹೋಗುವವರೆಗೆ ಜಾಲಿಸಿ. ಆಮೇಲೆ ಸೋಪು ಬೆರೆಸಿದ, ಕೈ ಇಡಲಾಗದಷ್ಟು ಬಿಸಿಯಾದ ನೀರಲ್ಲಿ ನೆನೆಸಿ. ಬಿಸಿಯಲ್ಲಿ ಬಿಡಿ ಬಣ್ಣದ ಹಿಡಿತ ಸಡಿಲವಾಗುತ್ತದೆ, ತಣ್ಣೀರಲ್ಲಿ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ.

ಕತ್ತರಿಸುವ ಮೊದಲು ಒಂದು ಪರೀಕ್ಷೆ: ಒದ್ದೆ ಬಟ್ಟೆಯ ಮೇಲೆ ಬಿಳಿ ಹತ್ತಿ ತುಂಡಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಕಲೆ ಹತ್ತಿದರೆ ಇನ್ನೊಮ್ಮೆ ತೊಳೆಯಿರಿ. ಹಳೆಯ ಚೂರು ಬಟ್ಟೆಗಳಿಗೂ ಇದನ್ನು ತಪ್ಪದೆ ಮಾಡಿ, ಅವಕ್ಕೆ ಯಾವ ಬಣ್ಣ ಹಾಕಿದ್ದಾರೋ ನಮಗೆ ಗೊತ್ತಿರುವುದಿಲ್ಲ ಅಲ್ವಾ?

ಹೊಲಿದ ಮೇಲೆ ಬಣ್ಣ ಹರಡಿತೇ? ಒಣಗಲು ಬಿಡಬೇಡಿ. ಕೂಡಲೇ ಧಾರಾಳ ಬಿಸಿ ಸೋಪಿನ ನೀರಲ್ಲಿ ಪೂರ್ತಿ ಮುಳುಗಿಸಿ ನೆನೆಹಾಕಿ.