ಮೂರು ಮಕ್ಕಳಿಗೂ ಒಂದೇ ಜಪಸರ

(ಮನೆಯವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಹತ್ತೋ ವಿವರ ಎಲ್ಲ ಬದಲಾಯಿಸಿದ್ದೀನಿ.)

ಆ ತಾಯಿ ಫೋನ್ ಮಾಡಿದ್ದು ದೊಡ್ಡ ಮಗನ ವಿಷಯಕ್ಕೆ. "ಮೇಡಂ, ಹದಿನಾಲ್ಕು ತುಂಬ್ತು, ಎಂಟು ತಿಂಗಳಾಯ್ತು ಪೂಜೆಗೆ ಬಂದು, ಭಾನುವಾರ ಬೆಳಗ್ಗೆ ಬಾತ್‌ರೂಮ್ ಚಿಲಕ ಹಾಕ್ಕೊಂಡ್ರೆ ನಾವು ಚರ್ಚಿಗೆ ಹೊರಟ ಮೇಲೇ ಈಚೆ ಬರೋದು, ಈ ವರ್ಷ ದೃಢೀಕರಣಕ್ಕೆ ಹೆಸರು ಕೊಡ್ಬೇಕು, ನೀವಾದ್ರೂ ಬುದ್ಧಿ ಹೇಳಿ" ಅಂದ್ರು. ದೃಢೀಕರಣ ಅಂದ್ರೆ ಜ್ಞಾನಸ್ನಾನದಲ್ಲಿ ಸಿಕ್ಕ ನಂಬಿಕೆಯನ್ನ ಬೆಳೆದ ಮೇಲೆ ಗಟ್ಟಿ ಮಾಡೋ ಸಂಸ್ಕಾರ. ಬೆಂಗಳೂರಲ್ಲೇ ಇರೋ ಕನ್ನಡ ಕಥೋಲಿಕ ಕುಟುಂಬ, ಅಪ್ಪಂಗೆ ಶಿಫ್ಟ್ ಕೆಲಸ, ಅಜ್ಜಿನೂ ಜೊತೆಗಿದ್ದಾರೆ, ದೊಡ್ಡವನ ಕೆಳಗೆ ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ರಾತ್ರಿ ಎಂಟೂವರೆಗೆ ಟಿವಿ ಆಫ್, ಎಲ್ಲರೂ ಮಂಡಿಯೂರಿ ಪೂರ್ತಿ ಜಪಸರ, ಅಂದ್ರೆ ಮಣಿ ಎಣಿಸ್ತಾ 53 ಸಲ ನಮೋ ಮರಿಯ ಪ್ರಾರ್ಥನೆ. ನಾಲ್ಕು ವರ್ಷದವನಿಗೂ ಅಷ್ಟೇ, ಹದಿನಾಲ್ಕರವನಿಗೂ ಅಷ್ಟೇ.

ಹುಡುಗ ಬಂದ. ನೀರಿನ ಬಾಟಲಿ ಮೇಲಿನ ಲೇಬಲ್‌ನ ಉಗುರಲ್ಲಿ ಕೆರೀತಾ ಕೂತ. ನಾನು ದೇವರ ವಿಷಯ ಎತ್ತಲೇ ಇಲ್ಲ. ಅವರಮ್ಮ ಮಾತಿನ ಮಧ್ಯೆ ತಾತ ತೀರಿಕೊಂಡಿದ್ದು ಹೇಳಿದ್ರಲ್ಲ, ಅದಕ್ಕೆ ತಾತ ಹೇಗಿದ್ರಪ್ಪಾ ಅಂತ ಕೇಳಿದೆ. ಲೇಬಲ್ ಪೂರ್ತಿ ಕಿತ್ತು ಬರೋವರೆಗೂ ಸುಮ್ನಿದ್ದ. ಆಮೇಲೆ ಹೇಳಿದ. ಮೂರು ವರ್ಷದ ಹಿಂದೆ ತಾತ ಐಸಿಯುನಲ್ಲಿದ್ದಾಗ ಇವನು ಒಬ್ಬನೇ ನೊವೇನಾ, ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಶುರು ಮಾಡಿದ್ದನಂತೆ, ಚಾಕ್ಲೆಟ್ ಬಿಟ್ಟು, ಮೊಬೈಲ್ ಗೇಮ್ ಬಿಟ್ಟು. ಒಂಬತ್ತನೇ ದಿನ ಬೆಳಗ್ಗೆ ತಾತ ಹೋಗ್ಬಿಟ್ರು. ಮಣ್ಣು ಮಾಡಿ ಬಂದ ರಾತ್ರಿ ಯಾರೋ ದೊಡ್ಡವರು "ಎಲ್ಲರೂ ಮನಸ್ಸಿಟ್ಟು ಪ್ರಾರ್ಥನೆ ಮಾಡಿದ್ರೆ ಉಳೀತಿದ್ರೇನೋ" ಅಂದ್ರಂತೆ.

"ಏಳನೇ ದಿನ ನಂಗೆ ನಿದ್ದೆ ಬಂದ್ಬಿಡ್ತು ಮೇಡಂ, ಅರ್ಧಕ್ಕೇ ನಿಲ್ಸಿದ್ದೆ."

ಮೂರು ವರ್ಷ ಈ ಮಗು ಇದನ್ನ ಒಳಗಿಟ್ಕೊಂಡು ಓಡಾಡಿದೆ, ಮನೆಯವರು ಇದನ್ನ ಅಹಂಕಾರ ಅಂದ್ಕೊಂಡಿದ್ದಾರೆ. ನನಗೆ ಹೊಟ್ಟೆ ಕಿವುಚಿದಂಗಾಯ್ತು.

ತಂದೆತಾಯಿಗೆ ನಾನು ಮೊದಲು ವಿವರಿಸಿದ್ದು ವಯಸ್ಸಿನ ವಿಷಯ. ಸುಮಾರು ಏಳರಿಂದ ಹನ್ನೊಂದರವರೆಗೆ ಮಕ್ಕಳಿಗೆ ಲೆಕ್ಕ ನೇರ, ಇಷ್ಟು ಕೊಟ್ರೆ ಅಷ್ಟು ಬರ್ಬೇಕು, ಆಟದಲ್ಲೂ ಹಂಗೇ ದೇವರ ಹತ್ರನೂ ಹಂಗೇ. ನಂಬಿಕೆ ಹೇಗೆ ಬೆಳೆಯುತ್ತೆ ಅಂತ 1981ರಲ್ಲಿ ಬರೆದ ಅಮೆರಿಕದ ಜೇಮ್ಸ್ ಫೌಲರ್ ಕೂಡ ಈ ವಯಸ್ಸಿನ ಮಕ್ಕಳ ದೇವರು ಕೊಟ್ಟು ತಗೊಳೋ ನ್ಯಾಯದ ದೇವರು ಅಂತಾನೇ ಗುರುತಿಸಿದ್ರು. ನಿಮ್ಮ ಮಗ ತನ್ನ ಪಾಲಿಂದು ಕೊಟ್ಟ, ಬರ್ಬೇಕಾಗಿದ್ದು ಬರಲಿಲ್ಲ, ಹಂಗಾದ್ರೆ ತಪ್ಪು ತನ್ನದೇ ಅಂದ್ಕೊಂಡ. ಈಗ ಹದಿನಾಲ್ಕಕ್ಕೆ ಯೋಚನೆ ದೊಡ್ಡದಾಗಿದೆ, ತಪ್ಪು ನಂದಲ್ಲದೇ ಇದ್ರೆ ದೇವರು ಯಾಕೆ ಸುಮ್ನಿದ್ದ ಅಂತ ಕೇಳೋ ಶಕ್ತಿ ಬಂದಿದೆ. ಆ ಪ್ರಶ್ನೆ ಇಟ್ಕೊಂಡು ಪೂಜೆಯಲ್ಲಿ ಕೂರೋಕಾಗದೆ ಬಾತ್‌ರೂಮಲ್ಲಿ ಕೂರ್ತಿದ್ದಾನೆ.

ಅಮ್ಮನಿಗೆ ಹೇಳಿದ್ದು ಇಷ್ಟು. ಉಪದೇಶ ಬೇಡ, ಆಸ್ಪತ್ರೆ ಫೈಲ್ ತೆಗೀರಿ. ತಾತನಿಗೆ ಏನಾಗಿತ್ತು, ಸೋಂಕು ಎಲ್ಲೆಲ್ಲಿ ಹರಡಿತ್ತು, ಡಾಕ್ಟ್ರು ಏನೇನು ಮಾಡಿದ್ರು ಅಂತ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ. ಆಮೇಲೆ "ತಾತ ಹೋಗಿದ್ದು ನೀನು ನಿದ್ದೆ ಮಾಡಿದ್ದಕ್ಕಲ್ಲ ಕಣೋ" ಅಂತ ನಿಮ್ಮ ಬಾಯಲ್ಲೇ ಹೇಳಿ, ಇದು ನಾನು ಹೇಳಿದ್ರೆ ಸಾಲದು. ಶಿಲುಬೆಗೇರೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿನೇ ಈ ಪಾತ್ರೆ, ಅಂದ್ರೆ ಈ ಸಂಕಟ, ನನ್ನಿಂದ ತೊಲಗಲಿ ಅಂತ ಬೇಡಿಕೊಂಡ್ರು, ಅದು ತೊಲಗಲಿಲ್ಲ, ಜೊತೆಗಿದ್ದ ಶಿಷ್ಯರು ನಿದ್ದೆ ಹೋಗಿದ್ರು. ಯಾವತ್ತಾದ್ರೂ ಅವನಾಗೇ ಕೇಳಿದಾಗ ಇದನ್ನ ನೆನಪಿಸಿ. ಬೈಬಲಿನ 88ನೇ ಕೀರ್ತನೆ ತೋರಿಸಿ, ಅದು ಶುರುವಿಂದ ಕೊನೆವರೆಗೂ ದೇವರ ಹತ್ರ ಹೇಳ್ಕೊಳೋ ದೂರೇ, ಮುಗಿಯೋದೂ ಕತ್ತಲಲ್ಲೇ. ಅದೂ ಪ್ರಾರ್ಥನೆನೇ ಅಂತ ಅವನಿಗೆ ಗೊತ್ತಾಗಲಿ.

ದೃಢೀಕರಣ ಈ ವರ್ಷ ಬೇಡ ಅಂದೆ. ಅಪ್ಪ ಸಿಟ್ಟಾದ್ರು, ಪ್ಯಾರಿಷ್‌ನಲ್ಲಿ ಜನ ಏನಂತಾರೆ ಅಂದ್ರು. ಜ್ಞಾನಸ್ನಾನದ ದಿನ ಅವನ ಪರವಾಗಿ ನೀವು ಮಾತಾಡಿದ್ರಿ, ಈ ಸಲ ಅವನೇ ಹೂಂ ಅನ್ನಬೇಕಲ್ವಾ, ಹೆದರಿಸಿ ಅನ್ನಿಸಿದ ಹೂಂ ಯಾವ ಲೆಕ್ಕಕ್ಕೆ ಬರುತ್ತೆ ಅಂತ ಕೇಳಿದೆ. ಲೂಕನ ಸುವಾರ್ತೆ ಎರಡನೇ ಅಧ್ಯಾಯ ಅವರ ಕೈಲೇ ಓದಿಸಿದೆ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಕೂತು ಪಂಡಿತರಿಗೆ ಪ್ರಶ್ನೆ ಕೇಳ್ತಿದ್ದಾಗ ಹುಡುಕಿಕೊಂಡು ಬಂದ ಜೋಸೆಫ್ ಮರಿಯಮ್ಮನಿಗೂ ಮಗನ ಮಾತು ಅರ್ಥ ಆಗಲಿಲ್ಲ, ಆ ತಾಯಿ ಎಲ್ಲಾನೂ ಮನಸ್ಸಲ್ಲಿಟ್ಕೊಂಡ್ರು. ಅಪ್ಪ ಏನೂ ಮಾತಾಡದೆ ಪುಸ್ತಕ ಮುಚ್ಚಿದ್ರು.

ಮಗಳ ಕಥೆ ಆಮೇಲೆ ಗೊತ್ತಾಯ್ತು. ಪ್ರಥಮ ಪರಮಪ್ರಸಾದಕ್ಕೆ, ಅಂದ್ರೆ ಪೂಜೆಯಲ್ಲಿ ಹಂಚೋ ಪ್ರಸಾದವನ್ನ ಮೊದಲ ಸಲ ತಗೊಳೋದಕ್ಕೆ, ಮುಂಚೆ ಫಾದರ್ ಹತ್ರ ತಪ್ಪು ಹೇಳ್ಕೊಳೋ ಪಾಪನಿವೇದನೆ ಇರುತ್ತಲ್ಲ, ಅದಕ್ಕೆ ರಫ್ ನೋಟ್‌ಬುಕ್ಕಲ್ಲಿ ಪಾಪಗಳ ಪಟ್ಟಿ ಬರೆದಿದ್ಲು, ಎರಡು ಪುಟ, ಒಂದೊಂದಕ್ಕೂ ನಂಬರ್ ಹಾಕಿ. "ಬೀನ್ಸ್ ಪಲ್ಯ ಡಸ್ಟ್‌ಬಿನ್‌ಗೆ ಹಾಕ್ದೆ" ಅನ್ನೋದು ಮೂರು ಕಡೆ ಇತ್ತು. ರಾತ್ರಿ ನಿದ್ದೆ ಬರಲ್ಲ ಅಂದ್ಲು. ಮನೇಲಿ ಊಟ ಬಿಟ್ರೂ ಹೋಮ್‌ವರ್ಕ್ ಬಿಟ್ರೂ "ಯೇಸುಸ್ವಾಮಿ ನೋಡ್ತಿದ್ದಾರೆ" ಅನ್ನೋದು ಅಭ್ಯಾಸ. ಆ ಮಾತನ್ನ ಬೆದರಿಸೋಕೆ ಬಳಸೋದು ಇವತ್ತೇ ನಿಲ್ಲಿಸಿ, ಅವಳು ತಮ್ಮನಿಗೆ ತುತ್ತು ತಿನ್ನಿಸುವಾಗ ಹೇಳಿ ಅಂದೆ. ಪಾಪನಿವೇದನೆಗೆ ಮುಂಚೆ ಬೈಬಲಿನಲ್ಲಿ ಮನೆ ಬಿಟ್ಟು ಹೋಗಿ ವಾಪಸ್ ಬರೋ ತಪ್ಪಿಹೋದ ಮಗನ ಕಥೆ ಓದಿ, ದೂರದಿಂದ ಮಗನ್ನ ಕಂಡು ಅಪ್ಪ ಓಡಿ ಬಂದ ಜಾಗದಲ್ಲಿ ನಿಲ್ಲಿಸಿ.

ಚಿಕ್ಕವನಿಗೆ ಯಾವ ತೊಂದರೆನೂ ಇಲ್ಲ. ಅಮ್ಮನ ದುಪಟ್ಟಾ ಹೆಗಲಿಗೆ ಹಾಕ್ಕೊಂಡು, ಸ್ಟೀಲ್ ತಟ್ಟೇಲಿ ಮಾರಿ ಬಿಸ್ಕತ್ತು ಇಟ್ಕೊಂಡು, ಫಾದರ್ ತರ ಎಲ್ಲರಿಗೂ ಹಂಚಿ "ಆಮೆನ್ ಅನ್ನಿ" ಅಂತಾನೆ. ಅಪಚಾರ ಅಂತ ಅಜ್ಜಿ ಬೈತಾರಂತೆ. ಅಜ್ಜೀ, ನಾಲ್ಕು ವರ್ಷದವರು ಕಲಿಯೋದೇ ಆಟದಲ್ಲಿ, ಬೈಬೇಡಿ, ಬಿಸ್ಕತ್ತು ಇಸ್ಕೊಂಡು ಆಮೆನ್ ಅನ್ನಿ ಅಂದೆ. ಜಪಸರ ಅವನಿಗೆ ಹತ್ತು ಮಣಿ ಸಾಕು, ಆಮೇಲೆ ಮಲಗಲಿ.

ಐದು ತಿಂಗಳಾಯ್ತು. ಅಮ್ಮ ಫೈಲ್ ತೆಗೆದು ಹೇಳಿದ ರಾತ್ರಿ ಹುಡುಗ ತುಂಬಾ ಹೊತ್ತು ಅತ್ತನಂತೆ. ಪೂಜೆಗೆ ಇನ್ನೂ ಬರ್ತಿಲ್ಲ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೆ ಮಾತ್ರ, ರಶ್‌ನಲ್ಲಿ ಅಜ್ಜಿ ಬೀಳ್ತಾರೆ ಅಂತ ಕೈ ಹಿಡ್ಕೊಂಡು ಹೋಗಿದ್ದ. ತೇರು ಬರೋವರೆಗೂ ನಿಂತಿದ್ದು, ಎರಡು ಮೇಣದಬತ್ತಿ ಕೊಂಡನಂತೆ, ಒಂದು ಯಾರಿಗೆ ಅಂತ ಅಜ್ಜಿ ಕೇಳಲಿಲ್ಲ. ಬರೋ ಶನಿವಾರ ಅಪ್ಪ ಒಬ್ಬರೇ ಬರ್ತೀನಿ ಅಂದಿದ್ದಾರೆ.