ಕೂದಲು ಕೀಳುವ ಕೈಗೆ ಬೇರೆ ಕೆಲಸ

ಮೂರೂವರೆ ವರ್ಷದ ಮಗಳು ಮಲಗುವ ಹೊತ್ತಿಗೆ ಕೂದಲು ಕಿತ್ತುಕೊಳ್ಳುತ್ತಾಳೆ, ಬಲಗಿವಿಯ ಮೇಲೆ ನಾಣ್ಯದಷ್ಟು ಜಾಗ ಬೋಳಾಗಿದೆ, ಬೈದರೂ ಕೈ ಹಿಡಿದುಕೊಂಡರೂ ನಿಲ್ಲುತ್ತಿಲ್ಲ ಎಂದು ಬರೆದಿದ್ದೀರಿ. ಹೆಣಿಗೆಯ ಗುಂಪಿನಲ್ಲಿ ಇದನ್ನು ಕೇಳಿದ್ದಕ್ಕೆ ಕ್ಷಮೆಯನ್ನೂ ಕೋರಿದ್ದೀರಿ. ಕ್ಷಮೆ ಏಕೆ? ನನ್ನ ಮಗ ಮೂರು ತುಂಬಿದಾಗ ಇದನ್ನೇ ಮಾಡುತ್ತಿದ್ದ. ಈಗ ಅವನಿಗೆ ಹನ್ನೊಂದು, ತಲೆತುಂಬ ಕೂದಲಿದೆ. ಅದಕ್ಕೇ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಬೈಯುವುದನ್ನು ಇಂದೇ ಬಿಡಿ. ನಾನು ದಿನಕ್ಕೆ ಇಪ್ಪತ್ತು ಸಲ ‘ಕೈ ತೆಗಿ’ ಎನ್ನುತ್ತಿದ್ದೆ. ಎರಡು ವಾರದೊಳಗೆ ಅವನು ಹೊದಿಕೆಯೊಳಗೆ ಮುಖ ಮರೆಸಿಕೊಂಡು ಕೀಳಲು ಕಲಿತ. ದಿಂಬಿನ ಅಡಿಯಲ್ಲಿ ಕೂದಲಿನ ಉಂಡೆ ಸಿಕ್ಕ ದಿನ ನನಗೆ ಅಳು ಬಂತು. ಆ ವಯಸ್ಸಿನ ಮಗು ಹಟಕ್ಕೆ ಕೀಳುವುದಿಲ್ಲ. ನಾವು ಮಾತನಾಡುತ್ತಲೇ ಸಾಲು ಸಾಲು ಹೆಣೆಯುತ್ತೇವಲ್ಲ, ಬೆರಳು ಏನು ಮಾಡುತ್ತಿದೆ ಎಂದು ನೋಡುವುದೂ ಇಲ್ಲ. ಅವಳ ಕೈಯೂ ಹಾಗೆಯೇ ತಲೆಗೆ ಹೋಗುತ್ತದೆ. ತಾನು ಅರಿತು ಮಾಡದ ಕೆಲಸಕ್ಕೆ ಬೈಗುಳ ಬಿದ್ದರೆ ಮಗುವಿಗೆ ಉಳಿಯುವುದು ಭಯವೊಂದೇ, ಆ ಭಯಕ್ಕೆ ಸಮಾಧಾನ ಹುಡುಕಿ ಕೈ ಮತ್ತೆ ಕೂದಲಿಗೇ ಹೋಗುತ್ತದೆ.

ಮಕ್ಕಳ ವೈದ್ಯರಿಗೋ ಚರ್ಮ ವೈದ್ಯರಿಗೋ ಒಮ್ಮೆ ತೋರಿಸಿ. ಬೋಳು ಜಾಗವೆಲ್ಲ ಕಿತ್ತದ್ದರಿಂದಲೇ ಆಗಬೇಕೆಂದಿಲ್ಲ. ಕಿತ್ತ ಜಾಗದಲ್ಲಿ ಅಂಚು ಅಂಕುಡೊಂಕಾಗಿರುತ್ತದೆ, ಉದ್ದ ಗಿಡ್ಡ ತುಂಡು ಕೂದಲುಗಳು ಕೈಗೆ ಒರಟಾಗಿ ಸಿಗುತ್ತವೆ. ದುಂಡಗೆ, ನುಣ್ಣಗೆ ಉದುರಿದ್ದರೆ ಅದು ಬೇರೆ ತೊಂದರೆ ಇರಬಹುದು. ಹೊಟ್ಟು ಎದ್ದು ತುರಿಕೆಯಿದ್ದರೆ ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಔಷಧಿಯೇ ಬೇಕು.

ಇನ್ನೊಂದು ಪ್ರಶ್ನೆಯನ್ನು ನೀವು ಬರೆದಿಲ್ಲ, ನಾನೇ ಕೇಳುತ್ತೇನೆ: ಕಿತ್ತ ಕೂದಲು ಎಲ್ಲಿಗೆ ಹೋಗುತ್ತದೆ? ಹಾಸಿಗೆಯ ಮೇಲೆ ಬಿದ್ದಿರುತ್ತದೆಯೇ, ಅಥವಾ ಬಾಯಿಗೆ ಹೋಗುತ್ತದೆಯೇ? ದಯವಿಟ್ಟು ಗಮನಿಸಿ ನೋಡಿ. ಕೂದಲು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿ ಸೇರಿಕೊಂಡು ಗಂಟಾಗಬಹುದು. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ. ನುಂಗುತ್ತಿದ್ದಾಳೆ ಎಂಬ ಅನುಮಾನವಿದ್ದು ಹೊಟ್ಟೆನೋವು, ವಾಂತಿ, ಊಟ ಸೇರದಿರುವುದು, ತೂಕ ಇಳಿಯುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಣ್ಣು, ಕಾಗದ ತಿನ್ನುವ ಅಭ್ಯಾಸವೂ ಇದ್ದರೆ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಿದೆಯೇ ಎಂದು ಪರೀಕ್ಷಿಸಲು ಕೇಳಿ.

ಮನೆಯಲ್ಲಿ ನೀವು ಮಾಡಬಹುದಾದ ದೊಡ್ಡ ಕೆಲಸ ಬರೆದಿಡುವುದು. ಹತ್ತು ದಿನ, ಅವಳಿಗೆ ಕಾಣದಂತೆ. ಯಾವ ಹೊತ್ತು, ಯಾವ ಕೈ, ಆಗ ಇನ್ನೊಂದು ಕೈ ಎಲ್ಲಿತ್ತು, ಅದಕ್ಕೆ ಮೊದಲು ಏನಾಗಿತ್ತು, ಇಷ್ಟು ಸಾಕು. ಹೆಣಿಗೆಯ ಸಾಲು ಎಣಿಸುವ ಪುಸ್ತಕದ ಕೊನೆಯ ಪುಟದಲ್ಲಿ ನಾನು ಗೀಟು ಹಾಕುತ್ತಿದ್ದೆ. ಇಡೀ ದಿನ ಕೀಳುತ್ತಾನೆ ಎಂದುಕೊಂಡಿದ್ದೆ. ಹತ್ತು ದಿನದ ಗೀಟು ನೋಡಿದರೆ ಎಲ್ಲವೂ ಎರಡೇ ಕಡೆ ಇದ್ದವು: ನಿದ್ದೆ ಹತ್ತುವ ಮುಂಚಿನ ಅರ್ಧ ಗಂಟೆ, ಮತ್ತು ಟಿವಿಯ ಮುಂದೆ. ಬಲಗೈ ಹೆಬ್ಬೆರಳು ಬಾಯಲ್ಲಿ, ಎಡಗೈ ತಲೆಯಲ್ಲಿ.

ಹೆಬ್ಬೆರಳಿನ ವಿಷಯ ನಮ್ಮ ವೈದ್ಯರು ಹೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ. ಪುಟ್ಟ ಮಕ್ಕಳಲ್ಲಿ ಇವೆರಡೂ ಜೋಡಿಯಾಗಿ ಬರುವುದು ಸಾಮಾನ್ಯ. ಚೀಪುವುದು ನಿಂತಾಗ ಕೀಳುವುದೂ ತಾನಾಗಿ ನಿಂತ ಮಕ್ಕಳಿದ್ದಾರೆ. ನಿಮ್ಮ ಮಗಳೂ ಚೀಪುತ್ತಿದ್ದರೆ ಕೂದಲನ್ನು ಬಿಟ್ಟು ಬೆರಳಿನಿಂದ ಶುರು ಮಾಡಿ. ಕಹಿ ಲೇಪನ ನನಗೆ ಹಿಡಿಸಲಿಲ್ಲ, ಅದು ಶಿಕ್ಷೆಯಂತೆಯೇ ಆಗುತ್ತದೆ. ಬದಲಿಗೆ ಮೃದುವಾದ ಹತ್ತಿ ನೂಲಿನಲ್ಲಿ, ಬೆರಳು ಬಿಡಿಸದ ಚಿಕ್ಕ ಕೈಗವಸು ಹೆಣೆದೆ. ಮಣಿಕಟ್ಟಿನಲ್ಲಿ ಬಿಗಿಯಾಗದಂತೆ, ಒಳಗೆ ಸಡಿಲ ಎಳೆ ಇರದಂತೆ ನೋಡಿಕೊಳ್ಳಿ. ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಬಣ್ಣವನ್ನು ಅವನೇ ಆರಿಸಿದ. ಅವನ ಗೊಂಬೆಗೂ ಒಂದು ಜೊತೆ ಹೆಣೆದ ಮೇಲೆ ತಾನೇ ಕೈ ಚಾಚಿ ತೊಡಿಸಿಕೊಂಡ.

ಆದರೆ ಕೈಯನ್ನು ಕಟ್ಟಿಹಾಕಿದರೆ ಸಾಲದು, ಅದಕ್ಕೆ ಬೇಕಾದ ಸ್ಪರ್ಶವನ್ನು ಬೇರೆ ಕಡೆ ಕೊಡಬೇಕು. ನುಣುಪಾದ ಕೂದಲನ್ನು ಬೆರಳ ಸಂದಿಯಲ್ಲಿ ಎಳೆಯುವಾಗ ಸಿಗುವ ಹಿತವೇ ಹಲವು ಮಕ್ಕಳಲ್ಲಿ ಈ ಅಭ್ಯಾಸದ ಬೇರು. ಒಂದು ಪುಟ್ಟ ದಿಂಬಿಗೆ ಕುಚ್ಚು ಕಟ್ಟಿಕೊಡಿ. ಬೇರೆ ಬೇರೆ ನೂಲಿನ ನಾಲ್ಕೈದು ಕುಚ್ಚು ಮಾಡಿ ಅವಳ ಮುಂದಿಡಿ, ಯಾವುದನ್ನು ಬೆರಳು ಹುಡುಕಿಕೊಂಡು ಹೋಗುತ್ತದೆ ನೋಡಿ. ನನ್ನ ಮಗ ದುಬಾರಿ ಉಣ್ಣೆಯನ್ನು ಮುಟ್ಟದೆ ರೇಷ್ಮೆಯಂಥ ಜಾರುವ ನೂಲನ್ನು ಹಿಡಿದುಕೊಂಡ. ಎಳೆಗಳು ನಿಮ್ಮ ಬೆರಳುದ್ದಕ್ಕಿಂತ ಹೆಚ್ಚಿರಬಾರದು, ಬುಡವನ್ನು ಎರಡು ಸಲ ಹೊಲಿದು ಜಗ್ಗಿ ನೋಡಿ, ಅವಳು ನಿದ್ದೆ ಹೋದ ಮೇಲೆ ತೆಗೆದಿಡಿ. ವಸ್ತುಗಳನ್ನು ಬಾಯಿಗೆ ಹಾಕುವ ಮಗುವಾದರೆ ಕುಚ್ಚು ಬೇಡವೇ ಬೇಡ, ಉಬ್ಬು ತಗ್ಗಿನ ಹೆಣಿಗೆಯ ಚೌಕ ಸಾಕು. ಕಥೆ ಹೇಳುವಾಗ ಕೈ ಮೇಲೇಳುವ ಮುನ್ನವೇ ದಿಂಬು ಕೈಗೆ ಬರಬೇಕು. ಕೂದಲು ಹಿಡಿದ ಮೇಲೆ ಕೊಟ್ಟರೆ, ಕೂದಲು ಹಿಡಿದರೆ ದಿಂಬು ಸಿಗುತ್ತದೆ ಎಂದು ಕಲಿಯುತ್ತಾಳೆ.

ತಲೆ ಬೋಳಿಸಿಬಿಡಿ ಎಂಬ ಸಲಹೆ ನಿಮಗೂ ಬಂದೇ ಬರುತ್ತದೆ. ಕೆಲವು ಮಕ್ಕಳಿಗೆ ಕೂದಲು ಗಿಡ್ಡ ಮಾಡಿದರೆ ಅನುಕೂಲವಾಗುತ್ತದೆ, ಆದರೆ ಅವಳನ್ನು ಹೆದರಿಸಲು ಅದನ್ನು ಮಾಡಬೇಡಿ. ಬಂದವರ ಮುಂದೆ ಬೋಳು ಜಾಗ ತೋರಿಸಿ ಮಾತನಾಡುವುದನ್ನು ಮನೆಯ ಹಿರಿಯರೂ ನಿಲ್ಲಿಸಬೇಕು. ಕೈಗಳು ಸುಮ್ಮನಿದ್ದಾಗ, ದಿಂಬಿನಲ್ಲಿ ಆಡುತ್ತಿದ್ದಾಗ ಹತ್ತಿರ ಕುಳಿತು ಬೆನ್ನು ಸವರಿ. ಕೀಳುವಾಗ ಮಾತಿಲ್ಲದೆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಅಷ್ಟೇ.

ಹೀಗೆ ಕೂದಲು ಕೀಳುವುದಕ್ಕೆ ಟ್ರೈಕೊಟಿಲೊಮೇನಿಯ ಎಂದು ಹೆಸರಿಟ್ಟವರು ಫ್ರಾನ್ಸಿನ ಚರ್ಮವೈದ್ಯ ಹಾಲೊಪೊ, 1889ರಲ್ಲಿ. ಆ ಹೆಸರು ಓದಿ ಗಾಬರಿಯಾಗಬೇಡಿ. ಐದು ವರ್ಷದೊಳಗೆ ಶುರುವಾದದ್ದು ಹಲವು ಮಕ್ಕಳಲ್ಲಿ ತಾನಾಗಿ ಕರಗುತ್ತದೆ. ದೊಡ್ಡ ಮಕ್ಕಳಿಗೆ ಬೇರೆ ವಿಧಾನವಿದೆ: ಕೈ ಏಳುವುದನ್ನು ತಾವೇ ಗುರುತಿಸಿ, ಒಂದು ನಿಮಿಷ ಮುಷ್ಟಿ ಬಿಗಿಹಿಡಿಯುವಂಥ ಬದಲಿ ಕ್ರಿಯೆ ಮಾಡುವ ತರಬೇತಿ. ಅಜ್ರಿನ್ ಮತ್ತು ನನ್ ಎಂಬ ಮನಃಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅದೇ ಕ್ರಮ ಇಂದಿಗೂ ಬಳಕೆಯಲ್ಲಿದೆ. ನಿಮ್ಮ ಮಗಳಿಗೆ ಅದು ಈಗಲೇ ಹಿಡಿಸದು. ಆ ಗುರುತಿಸುವ ಕೆಲಸವನ್ನು ಅವಳ ಪರವಾಗಿ ನೀವು ಮಾಡುತ್ತೀರಿ.

ನಮಗೆ ನಾಲ್ಕು ತಿಂಗಳು ಹಿಡಿಯಿತು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಆದ್ದರಿಂದ ದಿನವೂ ತಲೆ ನೋಡಬೇಡಿ, ಪುಸ್ತಕದ ಗೀಟು ಕಡಿಮೆಯಾಗಿದೆಯೇ ನೋಡಿ. ನಡುವೆ ಜ್ವರ ಬಂದಾಗ ಒಂದು ವಾರ ಮತ್ತೆ ಕಿತ್ತ, ಆಮೇಲೆ ಬಿಟ್ಟ. ಎರಡು ಮೂರು ತಿಂಗಳಲ್ಲಿ ಏನೂ ಇಳಿಯದಿದ್ದರೆ, ಹುಬ್ಬು ರೆಪ್ಪೆಗೂ ಕೈ ಹೋದರೆ, ಅಥವಾ ಅವಳು ಆಟ ಮಾತು ಬಿಟ್ಟು ಮಂಕಾದರೆ ಮಕ್ಕಳ ಮನಃಶಾಸ್ತ್ರಜ್ಞರನ್ನು ಕಾಣಿ.

ಅವಳು ಹೆಬ್ಬೆರಳು ಚೀಪುತ್ತಾಳೆಯೇ, ಕೂದಲನ್ನು ಬಾಯಿಗೆ ಹಾಕುತ್ತಾಳೆಯೇ, ಇವೆರಡನ್ನು ನೋಡಿ ಇಲ್ಲೇ ಬರೆಯಿರಿ. ಕೈಗವಸಿನ ಅಳತೆ ಹೇಳಿದರೆ ಎಷ್ಟು ಹೊಲಿಗೆಯಿಂದ ಶುರು ಮಾಡಬೇಕೆಂದು ಲೆಕ್ಕ ಹಾಕಿ ಕಳುಹಿಸುತ್ತೇನೆ.