ಸಿರೊಲಿಮಸ್ ಮಾತ್ರೆಗೂ ಗಾಯ ಮಾಯುವುದಕ್ಕೂ ಏನು ಸಂಬಂಧ?

ಪ್ರಶ್ನೆ: ಮೂತ್ರಪಿಂಡ ಕಸಿ ಮಾಡಿಸಿಕೊಂಡಿರುವ ನಮ್ಮ ಅಣ್ಣ ಸಿರೊಲಿಮಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹರ್ನಿಯಾ ಆಪರೇಷನ್‌ಗೆ ಮೊದಲು ಅದನ್ನು ಬದಲಿಸಬೇಕು, ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಕ್ಕೂ ಗಾಯಕ್ಕೂ ಏನು ಸಂಬಂಧ? ಇದು ಮುಪ್ಪನ್ನು ಮುಂದೂಡುತ್ತದೆ ಎಂಬುದು ನಿಜವೇ?

ಉತ್ತರ: ಈ ಔಷಧಕ್ಕೆ ರಾಪಾಮೈಸಿನ್ ಎಂಬ ಹೆಸರೂ ಇದೆ. 1964ರಲ್ಲಿ ಈಸ್ಟರ್ ದ್ವೀಪದಿಂದ ಕೆನಡಾದ ತಂಡವೊಂದು ತಂದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸುರೇನ್ ಸೆಹಗಲ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಬೇರ್ಪಡಿಸಿದರು. ಅದು ಯಾವುದನ್ನು ತಡೆಯುತ್ತದೆ ಎಂಬ ಸುಳಿವು ಸಿಕ್ಕಿದ್ದು 1991ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್ ಮತ್ತು ಸಂಗಡಿಗರು ಯೀಸ್ಟ್ ಮೇಲೆ ನಡೆಸಿದ ಅಧ್ಯಯನದಿಂದ. ಯೀಸ್ಟಿನಲ್ಲಿ ಈ ಔಷಧ ತಡೆಯುವ ಪ್ರೋಟೀನಿಗೆ ನಮ್ಮ ದೇಹದಲ್ಲಿ ಸಮನಾದದ್ದು ಎಂಟಾರ್ (mTOR) ಎಂಬ ಪ್ರೋಟೀನ್; 2549 ಅಮೈನೋ ಆಮ್ಲಗಳ ಈ ದೊಡ್ಡ ಅಣು ರೋಗನಿರೋಧಕ ಕೋಶಗಳಲ್ಲಷ್ಟೇ ಅಲ್ಲ, ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಇಲ್ಲೇ.

ಬೆಳೆಯಲು ಜೀವಕೋಶಕ್ಕೆ ಎರಡು ಬೇಕು: ಹೊರಗಿನಿಂದ ಇನ್ಸುಲಿನ್‌ನಂಥ ಹಾರ್ಮೋನಿನ ಸಂದೇಶ, ಒಳಗೆ ಪ್ರೋಟೀನ್ ಕಟ್ಟಲು ಬೇಕಾದ ಸಾಕಷ್ಟು ಅಮೈನೋ ಆಮ್ಲ. ಲ್ಯೂಸಿನ್ ಮೊದಲಾದ ಅಮೈನೋ ಆಮ್ಲಗಳು ದೊರೆತಾಗ ರ‍್ಯಾಗ್ ಎಂಬ ಪ್ರೋಟೀನುಗಳು ಎಂಟಾರನ್ನು ಕೋಶದೊಳಗಿನ ಜೀರ್ಣಚೀಲವಾದ ಲೈಸೋಸೋಮಿನ ಮೇಲ್ಮೈಗೆ ಸೆಳೆಯುತ್ತವೆ. ಅಲ್ಲಿರುವ ರೆಬ್ ಎಂಬ ಇನ್ನೊಂದು ಪ್ರೋಟೀನು ಇನ್ಸುಲಿನ್ ಸಂದೇಶದಿಂದ ಸಿದ್ಧವಾಗಿದ್ದರೆ ಮಾತ್ರ ಎಂಟಾರ್ ಪೂರ್ತಿ ಚುರುಕಾಗುತ್ತದೆ. ಬ್ಯಾಂಕ್ ಲಾಕರಿಗೆ ಗ್ರಾಹಕರ ಕೀಲಿ, ಬ್ಯಾಂಕಿನ ಕೀಲಿ ಎರಡೂ ಬೇಕಾಗುವಂತೆ. ಶಕ್ತಿಯ ಕೊರತೆಯಾದರೆ ಎಎಂಪಿಕೆ ಎಂಬ ಪ್ರೋಟೀನ್ ಇದೆಲ್ಲವನ್ನೂ ತಡೆಯುತ್ತದೆ.

ಚುರುಕಾದ ಎಂಟಾರ್ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಪ್ರೋಟೀನ್ ತಯಾರಿಕೆಯ ಆರಂಭವನ್ನೇ ಹಿಡಿದಿಟ್ಟಿರುವ 4ಇ-ಬಿಪಿ1 ಎಂಬ ಪ್ರೋಟೀನು ಫಾಸ್ಫೇಟ್ ಅಂಟಿದೊಡನೆ ತನ್ನ ಹಿಡಿತವನ್ನು ಬಿಡುತ್ತದೆ. ಪ್ರೋಟೀನ್ ತಯಾರಿಸುವ ರೈಬೋಸೋಮುಗಳ ಕೆಲಸ ಬಿರುಸಾಗುತ್ತದೆ. ಕೋಶವು ತನ್ನದೇ ಹಳೆಯ ಭಾಗಗಳನ್ನು ಜೀರ್ಣಿಸಿ ಮರುಬಳಸುವ ಕೆಲಸ ನಿಲ್ಲುತ್ತದೆ.

ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ ಕಸಿಯ ಮೂತ್ರಪಿಂಡದ ಮೇಲೆ ಎರಗಲು ಎಂಟಾರ್ ಬೇಕು. ಆದರೆ ಗಾಯದ ಅಂಚಿನಲ್ಲಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ನೇಯುವ ಫೈಬ್ರೋಬ್ಲಾಸ್ಟ್‌ಗಳಿಗೂ ಹೊಸ ರಕ್ತನಾಳಗಳನ್ನು ಕಟ್ಟುವ ಕೋಶಗಳಿಗೂ ಅದೇ ಬೇಕು. ಔಷಧಕ್ಕೆ ಇವುಗಳ ನಡುವೆ ಭೇದ ಗೊತ್ತಾಗುವುದಿಲ್ಲ. ಇದನ್ನು ಸೇವಿಸುವವರಲ್ಲಿ ಬಾಯಿಹುಣ್ಣು, ರಕ್ತದಲ್ಲಿ ಕೊಬ್ಬಿನ ಏರಿಕೆ ಕಾಣಿಸುವುದೂ ಉಂಟು.

ಮುಪ್ಪಿನ ವಿಚಾರ: ರಾಪಾಮೈಸಿನ್ ತಿಂದ ಇಲಿಗಳು ಹೆಚ್ಚು ಕಾಲ ಬದುಕಿದ್ದು 2009ರಲ್ಲಿ ವರದಿಯಾಯಿತು. ಮನುಷ್ಯರ ಆಯಸ್ಸು ಅದರಿಂದ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ. ಆರೋಗ್ಯವಂತರು ಇದನ್ನು ತಾವಾಗಿಯೇ ನುಂಗುವುದು ದುಸ್ಸಾಹಸವೆಂದೇ ನನ್ನ ಅಭಿಪ್ರಾಯ.

ನಿಮ್ಮ ಅಣ್ಣನವರಿಗೆ ವೈದ್ಯರು ಬಹುಶಃ ಕೆಲಕಾಲ ಇದರ ಬದಲು ಟ್ಯಾಕ್ರೊಲಿಮಸ್ ಎಂಬ ಔಷಧ ಕೊಡಬಹುದು. ಅದು ಕ್ಯಾಲ್ಸಿನ್ಯೂರಿನ್ ಎಂಬ ಬೇರೆಯೇ ಪ್ರೋಟೀನನ್ನು ತಡೆಯುವುದರಿಂದ ಗಾಯ ಮಾಯಲು ಇಷ್ಟು ಅಡ್ಡಿಯಾಗುವುದಿಲ್ಲ. ಬದಲಾವಣೆಯ ದಿನ, ಪ್ರಮಾಣ, ರಕ್ತಪರೀಕ್ಷೆ ಎಲ್ಲವನ್ನೂ ಕಸಿ ವೈದ್ಯರೇ ನಿರ್ಧರಿಸಬೇಕು. ಆಪರೇಷನ್ ಹತ್ತಿರ ಬಂತೆಂದು ಮಾತ್ರೆಯನ್ನು ತಾವೇ ನಿಲ್ಲಿಸಿದರೆ ದೇಹವು ಕಸಿಯನ್ನೇ ತಿರಸ್ಕರಿಸುವ ಅಪಾಯವಿದೆ.